ಕೊಂಡಜ್ಜಿಯ ಶಿಬಿರವೂ ಕಚೇರಿಯ ಮನುಷ್ಯನೂ

ಕಡತವೊಂದು ಮೇಜಿನ ಮೇಲೆ ತಿಂಗಳುಗಟ್ಟಲೆ ಅಲುಗದೆ ಬಿದ್ದಿದ್ದರೆ ಗುಮಾಸ್ತನು ಸೋಮಾರಿಯೆಂದೂ, ಸಹಕಾರ ಸಂಘದ ಸಭೆಯಲ್ಲಿ ಒಬ್ಬನೇ ಮಾತನಾಡಿ ಉಳಿದವರೆಲ್ಲ ತಲೆಯಾಡಿಸಿ ಎದ್ದುಹೋದರೆ ಅಧ್ಯಕ್ಷನು ದರ್ಪಿಷ್ಠನೆಂದೂ ಸದಸ್ಯರು ಪುಕ್ಕಲರೆಂದೂ, ಗಿರಣಿಯೊಂದು ಬಾಗಿಲು ಹಾಕಿದರೆ ಕೂಲಿಗಾರರು ಕೆಲಸಗಳ್ಳರಾದರೆಂದೂ ತೀರ್ಪು ಕೊಡುವುದು ನಮಗೆ ಎಷ್ಟು ಅಭ್ಯಾಸವಾಗಿ ಹೋಗಿದೆಯೆಂದರೆ, ಆ ತೀರ್ಪಿಗೆ ಆಧಾರವೇನೆಂದು ಕೇಳುವ ಗೋಜಿಗೆ ಯಾರೂ ಹೋಗುವುದಿಲ್ಲ. ಪರರ ನಡತೆಗೆ ಅವರ ಸ್ವಭಾವವನ್ನೇ ಕಾರಣವಾಗಿ ಹಿಡಿದು, ಅವರು ನಿಂತಿರುವ ಸನ್ನಿವೇಶವನ್ನು ಕಾಣದೆ ಹೋಗುವ ಈ ದೋಷವನ್ನು ಅಮೆರಿಕದ ಲೀ ರಾಸ್ ಎಂಬ ಮನೋವಿಜ್ಞಾನಿಯು 1977ರಲ್ಲಿ ಮನುಷ್ಯಬುದ್ಧಿಯ ಮೂಲಭೂತವಾದ ತಪ್ಪೆಂದು ಕರೆದನು. ನಮ್ಮ ಸಂಸ್ಥೆಗಳ ಆಡಳಿತದಲ್ಲಿ ಈ ತಪ್ಪು ಈಗ ಶಾಸ್ತ್ರದ ವೇಷವನ್ನೂ ತೊಟ್ಟು ಬರುತ್ತಿದೆ. ಈ ಲೇಖನಕ್ಕೆ ಅದೇ ಪ್ರೇರಣೆ.

ಉದ್ಯೋಗಾರ್ಥಿಯ ಮುಂದೆ ಪ್ರಶ್ನಾವಳಿಯನ್ನಿರಿಸಿ, ನೀವು ಅಂತರ್ಮುಖಿಗಳೋ ಬಹಿರ್ಮುಖಿಗಳೋ, ತರ್ಕದಿಂದ ನಿರ್ಣಯಿಸುವವರೋ ಭಾವದಿಂದ ನಿರ್ಣಯಿಸುವವರೋ ಎಂದು ಕೇಳಿ, ಉತ್ತರಗಳನ್ನು ಕೂಡಿಸಿ ಕಳೆದು, ಅವನನ್ನು ಒಂದು ವರ್ಗಕ್ಕೆ ಸೇರಿಸಿ ಬಿಡುವ ಪದ್ಧತಿ ದೊಡ್ಡ ಕಂಪನಿಗಳಿಂದ ಆರಂಭವಾಗಿ ಕಾಲೇಜುಗಳ ತರಬೇತಿ ವರ್ಗಗಳ ತನಕ ಇಳಿದು ಬಂದಿದೆ. ಇವುಗಳಲ್ಲಿ ಹೆಚ್ಚು ಪ್ರಸಿದ್ಧವಾದುದು ಕ್ಯಾಥರೀನ್ ಬ್ರಿಗ್ಸ್ ಮತ್ತು ಇಸಬೆಲ್ ಮೈಯರ್ಸ್ ಎಂಬ ತಾಯಿ ಮಗಳು ರಚಿಸಿದ ಪ್ರಶ್ನಾವಳಿ. ಸ್ವಿಟ್ಸರ್ಲೆಂಡಿನ ಕಾರ್ಲ್ ಯೂಂಗನು 1921ರಲ್ಲಿ ಪ್ರಕಟಿಸಿದ ಮನೋವರ್ಗಗಳ ಸಿದ್ಧಾಂತವನ್ನು ಅವಲಂಬಿಸಿ ಅದು ಮನುಷ್ಯಕೋಟಿಯನ್ನೆಲ್ಲ ಹದಿನಾರು ವರ್ಗಗಳಾಗಿ ವಿಂಗಡಿಸುತ್ತದೆ. ಆದರೆ ಇಂದು ಒಂದು ವರ್ಗಕ್ಕೆ ಸೇರಿದವರನ್ನು ಕೆಲವು ವಾರಗಳು ಕಳೆದ ಮೇಲೆ ಮತ್ತೆ ಪರೀಕ್ಷಿಸಿದರೆ ಅವರಲ್ಲಿ ಗಣನೀಯ ಭಾಗವು ಬೇರೆ ವರ್ಗಕ್ಕೆ ಹೋಗಿ ಸೇರುತ್ತದೆ. ವಾರಗಳಲ್ಲಿ ಬದಲಾಗುವ ಫಲಿತಾಂಶವನ್ನು ನಂಬಿ ಒಬ್ಬನ ಆಯುಷ್ಯದ ಉದ್ಯೋಗವನ್ನು ನಿರ್ಧರಿಸುವುದು ನ್ಯಾಯವಲ್ಲ.

ಹಾಗೆಂದು ವ್ಯಕ್ತಿತ್ವದ ಮಾಪನವೆಲ್ಲ ನಿಷ್ಪ್ರಯೋಜಕವೆಂದು ಹೇಳುವುದು ಅವಿವೇಕವಾದೀತು. ಗಾರ್ಡನ್ ಆಲ್‌ಪೋರ್ಟ್ ಮತ್ತು ಒಡ್ಬರ್ಟ್ ಎಂಬ ಇಬ್ಬರು ವಿದ್ವಾಂಸರು 1936ರಲ್ಲಿ ಇಂಗ್ಲಿಷ್ ನಿಘಂಟನ್ನು ಶೋಧಿಸಿ ಮನುಷ್ಯರ ನಡೆನುಡಿಗಳಲ್ಲಿನ ಭೇದವನ್ನು ಸೂಚಿಸುವ ಹದಿನೆಂಟು ಸಾವಿರದಷ್ಟು ಪದಗಳನ್ನು ಸಂಗ್ರಹಿಸಿದರು; ಆ ರಾಶಿಯನ್ನು ತಲೆಮಾರುಗಳ ಕಾಲ ಸೋಸಿದ ಫಲವಾಗಿ, ಮುಕ್ತಮನಸ್ಕತೆ, ಕರ್ತವ್ಯನಿಷ್ಠೆ, ಬಹಿರ್ಮುಖತೆ, ಸೌಹಾರ್ದ, ಭಾವೋದ್ವೇಗ ಎಂಬ ಐದು ಪ್ರಧಾನ ಗುಣಗಳು ಉಳಿದು ನಿಂತುವು. ಇವುಗಳಲ್ಲಿ ಕರ್ತವ್ಯನಿಷ್ಠೆಯ ಅಂಶವು ಬಹುತರ ಉದ್ಯೋಗಗಳಲ್ಲಿ ಕಾರ್ಯಸಾಮರ್ಥ್ಯದ ಜೊತೆಗೆ ಸಂಬಂಧವುಳ್ಳದ್ದೆಂದು ಬ್ಯಾರಿಕ್ ಮತ್ತು ಮೌಂಟ್ ಎಂಬವರು 1991ರಲ್ಲಿ ಅನೇಕ ಅಧ್ಯಯನಗಳನ್ನು ಒಟ್ಟುಗೂಡಿಸಿ ತೋರಿಸಿದರು. ಸಂಬಂಧವು ಸ್ಥಿರವಾದುದು, ಆದರೆ ದೊಡ್ಡದಲ್ಲ. ಚಿಂತನಶೈಲಿಯ ವಿಷಯದಲ್ಲಿ ಬ್ರಿಟನ್ನಿನ ಮೈಕಲ್ ಕರ್ಟನ್ 1976ರಲ್ಲಿ ಮಾಡಿದ ವಿವೇಚನೆ ನನಗೆ ವಿಶೇಷವಾಗಿ ಆದರಣೀಯವೆನಿಸುತ್ತದೆ. ಇರುವ ವ್ಯವಸ್ಥೆಯ ಒಳಗೇ ಸುಧಾರಣೆಗಳನ್ನು ಹುಡುಕುವವರು ಕೆಲವರು, ವ್ಯವಸ್ಥೆಯನ್ನೇ ಬೇರೆ ರೀತಿಯಲ್ಲಿ ಕಲ್ಪಿಸಿಕೊಳ್ಳುವವರು ಕೆಲವರು. ಇದು ಶೈಲಿಯ ಭೇದವೇ ಹೊರತು ಸಾಮರ್ಥ್ಯದ ತಾರತಮ್ಯವಲ್ಲ, ಸಂಸ್ಥೆಗೆ ಇಬ್ಬರೂ ಬೇಕು ಎಂಬುದು ಅವನ ಪ್ರತಿಪಾದನೆ. ನಿಯಮಪುಸ್ತಕವನ್ನು ಬಾಯಿಪಾಠ ಬಲ್ಲ ಶಿರಸ್ತೇದಾರನನ್ನು ಜಡನೆಂದೂ, ಹೊಸ ಸಲಹೆ ತರುವ ಕಿರಿಯ ಗುಮಾಸ್ತನನ್ನು ಅಧಿಕಪ್ರಸಂಗಿಯೆಂದೂ ಹಳಿಯುವ ಕಚೇರಿಗಳು ಈ ಒಂದು ಮಾತನ್ನು ಅರಗಿಸಿಕೊಂಡರೂ ಅಲ್ಲಿನ ಕಲಹಗಳಲ್ಲಿ ಬಹಳಷ್ಟು ಶಮನವಾದಾವು.

ಗುಣಗಳಿರುವುದು ನಿಜವಾದರೂ, ಆ ಗುಣಗಳು ಎಲ್ಲೆಡೆಯಲ್ಲಿಯೂ ಒಂದೇ ಸಮನಾಗಿ ಪ್ರಕಟವಾಗುತ್ತವೆಯೆ ಎಂಬುದು ಬೇರೆಯೇ ಪ್ರಶ್ನೆ. ಜರ್ಮನಿಯಿಂದ ಅಮೆರಿಕಕ್ಕೆ ವಲಸೆ ಹೋದ ಕರ್ಟ್ ಲೆವಿನ್, ನಡತೆಯೆಂಬುದು ವ್ಯಕ್ತಿ ಮತ್ತು ಪರಿಸರಗಳೆರಡೂ ಕೂಡಿ ಉಂಟಾಗುವ ಫಲವೆಂದು ಗಣಿತದ ಸೂತ್ರದಂತೆ ಬರೆದಿಟ್ಟನು. ಗ್ರಂಥಗಳಲ್ಲಿ ಓದಿ ಒಪ್ಪುವುದಕ್ಕಿಂತ ಕಣ್ಣೆದುರಿನ ಒಂದು ಸಂಸ್ಥೆಯಲ್ಲಿ ಇದನ್ನು ಪರೀಕ್ಷಿಸಿ ನೋಡುವುದು ಮೇಲು. ಅಂಥ ಸಂಸ್ಥೆಯೊಂದು ನಮ್ಮ ಮಧ್ಯಕರ್ನಾಟಕದಲ್ಲಿಯೇ ಇದೆ.

ದಾವಣಗೆರೆಗೂ ಹರಿಹರಕ್ಕೂ ಸಮೀಪವಾದ ಕೊಂಡಜ್ಜಿಯೆಂಬ ಗ್ರಾಮ, ಅದರ ವಿಶಾಲವಾದ ಕೆರೆ, ಕೆರೆಯ ನೆರೆಯ ಕುರುಚಲು ಗುಡ್ಡ, ಅಲ್ಲಿ ನೆಲೆಗೊಂಡಿರುವ ಸ್ಕೌಟ್ಸ್ ಮತ್ತು ಗೈಡ್ಸ್ ತರಬೇತಿ ಕೇಂದ್ರ, ಇವು ನಮ್ಮ ಭಾಗದ ಶಾಲಾಮಕ್ಕಳಿಗೆ ಚಿರಪರಿಚಿತವಾದವು. ಆ ಗ್ರಾಮದ ಹೆಸರನ್ನು ತಮ್ಮ ಹೆಸರಿನೊಡನೆ ಹೊತ್ತು, 1971ರಲ್ಲಿ ಚಿತ್ರದುರ್ಗದಿಂದಲೂ 1977ರಲ್ಲಿ ದಾವಣಗೆರೆಯಿಂದಲೂ ಲೋಕಸಭೆಗೆ ಆಯ್ಕೆಯಾದ ಕೊಂಡಜ್ಜಿ ಬಸಪ್ಪನವರು ರಾಜಕಾರಣದ ನಡುವೆಯೂ ಸ್ಕೌಟ್ ಚಳವಳಿಯನ್ನು ಕೈಬಿಡದೆ ಬೆಳೆಸಿದವರು. ಬೆಂಗಳೂರಿನ ಅರಮನೆ ರಸ್ತೆಯಲ್ಲಿರುವ ಸ್ಕೌಟ್ ಸಂಸ್ಥೆಯ ಸಭಾಂಗಣಕ್ಕೆ ಅವರ ಹೆಸರೇ ಇದೆ. ಭಾರತದಲ್ಲಿ ಈ ಚಳವಳಿಯ ಮೊದಲ ದಳವು 1909ರಲ್ಲಿ ಪ್ರಾರಂಭವಾದುದು ಬೆಂಗಳೂರಿನಲ್ಲಿಯೇ. ಆಗ ಭಾರತೀಯ ಬಾಲಕರಿಗೆ ಅದರಲ್ಲಿ ಪ್ರವೇಶವಿರಲಿಲ್ಲ. ಬೇರೆ ಬೇರೆಯಾಗಿ ಹುಟ್ಟಿಕೊಂಡಿದ್ದ ಸಂಘಗಳು ಸ್ವಾತಂತ್ರ್ಯಾನಂತರ, 1950ರ ನವೆಂಬರ್ 7ರಂದು, ಭಾರತ್ ಸ್ಕೌಟ್ಸ್ ಅಂಡ್ ಗೈಡ್ಸ್ ಎಂಬ ಒಂದೇ ಸಂಸ್ಥೆಯಾಗಿ ಒಂದುಗೂಡಿದುವು.

ಈ ಚಳವಳಿಯ ಜೀವಾಳವು ಸಮವಸ್ತ್ರದಲ್ಲಿಯಾಗಲಿ ಸ್ಕಾರ್ಫಿನಲ್ಲಿಯಾಗಲಿ ಇಲ್ಲ, ಪೆಟ್ರೋಲ್ ಪದ್ಧತಿಯಲ್ಲಿದೆ. 1907ರ ಆಗಸ್ಟ್ ತಿಂಗಳಲ್ಲಿ ಇಂಗ್ಲೆಂಡಿನ ಬ್ರೌನ್‌ಸೀ ದ್ವೀಪದಲ್ಲಿ ಬೇಡನ್ ಪೊವೆಲ್ ನಡೆಸಿದ ಮೊದಲ ಪ್ರಾಯೋಗಿಕ ಶಿಬಿರದಲ್ಲಿ ಶ್ರೀಮಂತರ ಶಾಲೆಗಳ ಹುಡುಗರನ್ನೂ ದುಡಿಯುವ ಮನೆಗಳ ಹುಡುಗರನ್ನೂ ಬೆರೆಸಿ ನಾಲ್ಕು ಪೆಟ್ರೋಲ್‌ಗಳನ್ನು ಮಾಡಿ, ಪ್ರತಿಯೊಂದಕ್ಕೂ ಹುಡುಗನೊಬ್ಬನನ್ನೇ ನಾಯಕನನ್ನಾಗಿಸಿ, ಒಳಗಿನ ವ್ಯವಹಾರವನ್ನು ಅವನಿಗೇ ಒಪ್ಪಿಸಲಾಯಿತು. ಇಂದಿಗೂ ಆರರಿಂದ ಎಂಟು ಮಕ್ಕಳದು ಒಂದು ಪೆಟ್ರೋಲ್. ಅಂಥ ಕೆಲವು ಪೆಟ್ರೋಲ್‌ಗಳು ಸೇರಿ ಒಂದು ದಳ. ಡೇರೆ ಹಾಕುವವರಾರು, ಸೌದೆ ತರುವವರಾರು, ಅಡಿಗೆಗೆ ನಿಲ್ಲುವವರಾರು, ಸಾಮಾನು ಸರಂಜಾಮಿನ ಲೆಕ್ಕವಿಡುವವರಾರು ಎಂಬುದನ್ನು ಮಕ್ಕಳೇ ಹಂಚಿಕೊಳ್ಳಬೇಕು. ನಾಯಕರ ಸಭೆಯಾದ ಕೋರ್ಟ್ ಆಫ್ ಆನರಿನಲ್ಲಿ ದಳದ ವ್ಯವಹಾರವನ್ನು ಮಕ್ಕಳೇ ಚರ್ಚಿಸಬೇಕು. ಸ್ಕೌಟ್ ಮಾಸ್ಟರು ಬದಿಯಲ್ಲಿ ನಿಂತಿರುವನು.

ಇಂಥ ಶಿಬಿರಗಳನ್ನು ಗಮನವಿಟ್ಟು ನೋಡಿದವರಿಗೆ ಒಂದು ಸಂಗತಿ ತಪ್ಪದೆ ಗೋಚರಿಸುತ್ತದೆ: ತರಗತಿಯಲ್ಲಿ ದಡ್ಡನೆಂದು ಹೆಸರಾಗಿ ಹಿಂದಿನ ಬೆಂಚಿನಲ್ಲಿ ಮೂಕನಂತೆ ಕುಳಿತಿರುತ್ತಿದ್ದ ಹುಡುಗನು, ಗಾಳಿಗೆ ಡೇರೆಯ ಹಗ್ಗ ಕಿತ್ತುಬಂದಾಗ ಯಾರೂ ಹೇಳದೆ ಮುಂದಾಗಿ ನಾಲ್ವರಿಗೆ ಕೆಲಸ ಹಚ್ಚುತ್ತಾನೆ, ಪರೀಕ್ಷೆಯಲ್ಲಿ ಮೊದಲಿಗನಾದವನು ಒಲೆಯ ಮುಂದೆ ಕೈಕಟ್ಟಿ ನಿಲ್ಲುತ್ತಾನೆ. ಹುಡುಗರು ಅವರೇ, ಶಾಲೆಯಿಂದ ಗುಡ್ಡದ ಬುಡಕ್ಕೆ ಬಂದ ಮಾತ್ರಕ್ಕೆ ಅವರ ಜನ್ಮಜಾತ ಗುಣಗಳೇನೂ ಬದಲಾಗಿಲ್ಲ. ಬದಲಾದುದು ಅವರಿಗೆ ದೊರೆತ ಸ್ಥಾನ, ಆ ಸ್ಥಾನದೊಡನೆ ಬಂದ ಹೊಣೆ, ತಪ್ಪಿದರೆ ಅದರ ಫಲವನ್ನು ಸಂಜೆಯ ಅರೆಬೆಂದ ಅನ್ನದಲ್ಲಿ ತಾವೇ ಉಣ್ಣಬೇಕಾದ ವ್ಯವಸ್ಥೆ. ಶಾಲೆಯ ಬೆಂಚಿನ ಮೇಲೆ ಈ ಹುಡುಗನಿಗೆ ಪ್ರಶ್ನಾವಳಿಯನ್ನು ಕೊಟ್ಟಿದ್ದರೆ ಅವನು ತನ್ನನ್ನು ತಾನೇ ನಾಯಕತ್ವಕ್ಕೆ ಅನರ್ಹನೆಂದು ಬರೆದುಕೊಡುತ್ತಿದ್ದನು.

ಬಾಲಕರ ಗುಂಪುಗಳು ಮನೋವಿಜ್ಞಾನಕ್ಕೂ ದೊಡ್ಡ ಪಾಠಶಾಲೆಯಾದುವು. ಲೆವಿನ್ ತನ್ನ ಸಹೋದ್ಯೋಗಿಗಳಾದ ಲಿಪಿಟ್ ಮತ್ತು ವೈಟರೊಡನೆ ಅಮೆರಿಕದ ಅಯೋವಾದಲ್ಲಿ ಹತ್ತು ವರ್ಷದ ಹುಡುಗರ ಸಣ್ಣ ಸಣ್ಣ ಸಂಘಗಳನ್ನು ಕಟ್ಟಿ, ಮುಖವಾಡ ಮಾಡುವುದೇ ಮುಂತಾದ ಕೆಲಸಗಳನ್ನು ಕೊಟ್ಟು, ಕೆಲವು ಸಂಘಗಳಿಗೆ ಸರ್ವಾಧಿಕಾರಿಯಂಥ ನಾಯಕನನ್ನೂ, ಕೆಲವಕ್ಕೆ ಕೇಳಿ ಕಲೆತು ನಡೆಯುವ ನಾಯಕನನ್ನೂ, ಕೆಲವಕ್ಕೆ ಏನನ್ನೂ ಮಾಡದೆ ಸುಮ್ಮನಿರುವ ನಾಯಕನನ್ನೂ ನೇಮಿಸಿ, 1939ರಲ್ಲಿ ಅದರ ಫಲವನ್ನು ಪ್ರಕಟಿಸಿದನು. ಸರ್ವಾಧಿಕಾರದ ಸಂಘಗಳಲ್ಲಿ ನಾಯಕನು ಕೋಣೆಯಿಂದ ಹೊರಗೆ ಹೋದೊಡನೆ ಕೆಲಸ ಸಡಿಲುತ್ತಿತ್ತು. ಕೂಡಿ ನಿರ್ಣಯಿಸುತ್ತಿದ್ದ ಸಂಘಗಳಲ್ಲಿ ಅದು ಹೆಚ್ಚುಕಡಿಮೆ ಹಾಗೆಯೇ ನಡೆಯುತ್ತಿತ್ತು. ನಾಯಕರನ್ನು ಅದಲುಬದಲು ಮಾಡಿದಾಗ ಅದೇ ಹುಡುಗರ ನಡತೆಯೂ ಬದಲಾಯಿತು. ಸಾಹೇಬರು ಜಿಲ್ಲಾಕೇಂದ್ರದ ಸಭೆಗೆ ಹೋದ ದಿನ ಕಚೇರಿಯಲ್ಲಿ ಏನಾಗುತ್ತದೆಂಬುದನ್ನು ಬಲ್ಲವರಿಗೆ ಈ ಪ್ರಯೋಗವನ್ನು ವಿವರಿಸಿ ಹೇಳಬೇಕಾಗಿಲ್ಲ.

ಇಲ್ಲಿಗೇ ನಿಲ್ಲಿಸಿ ಪ್ರಜಾಪ್ರಭುತ್ವದ ಜಯಭೇರಿಯನ್ನು ಬಾರಿಸುವುದು ಸುಲಭ. ಪ್ರಾಮಾಣಿಕತೆಯು ಅದಕ್ಕೆ ಒಪ್ಪುವುದಿಲ್ಲ. ಮೀಡ್ ಎಂಬ ವಿದ್ವಾಂಸನು ಇದೇ ಪ್ರಯೋಗವನ್ನು ಭಾರತದ ಬಾಲಕರಲ್ಲಿ ನಡೆಸಿ 1967ರಲ್ಲಿ ಪ್ರಕಟಿಸಿದ ವರದಿಯಲ್ಲಿ ಫಲವು ತಿರುಗುಮುರುಗಾಗಿ ಕಾಣಿಸಿತು. ನಮ್ಮ ಹುಡುಗರು ಆಜ್ಞೆಯಿಡುವ ನಾಯಕನ ಕೈಕೆಳಗೇ ಹೆಚ್ಚು ಉತ್ಸಾಹದಿಂದ ಕೆಲಸ ಮಾಡಿದರು. ಮನೆಯಲ್ಲಿ ಹಿರಿಯರ ಮಾತನ್ನೂ ಶಾಲೆಯಲ್ಲಿ ಮೇಷ್ಟರ ಮಾತನ್ನೂ ಮೀರಿ ಅರಿಯದ ಮಕ್ಕಳಿಗೆ, ನಿಮಗೆ ತೋಚಿದಂತೆ ಮಾಡಿರಿ ಎಂಬ ನಾಯಕನು ಉದಾಸೀನನಾಗಿ ತೋರಿದ್ದರೆ ಆಶ್ಚರ್ಯವಿಲ್ಲ. ಪಾಟ್ನಾದ ಮನೋವಿಜ್ಞಾನಿ ಜೆ. ಬಿ. ಪಿ. ಸಿನ್ಹಾ ಅವರು 1980ರ ತಮ್ಮ ಗ್ರಂಥದಲ್ಲಿ ಈ ತೊಡಕನ್ನು ಬಿಡಿಸುವ ದಾರಿಯೊಂದನ್ನು ತೋರಿದರು. ಭಾರತೀಯ ಸಂಸ್ಥೆಗಳಲ್ಲಿ ಫಲಕಾರಿಯಾಗತಕ್ಕವನು ಕೇವಲ ದರ್ಪದವನೂ ಅಲ್ಲ, ಕೇವಲ ಸಲಿಗೆಯವನೂ ಅಲ್ಲ. ಕೈಕೆಳಗಿನವರ ಯೋಗಕ್ಷೇಮವನ್ನು ವಿಚಾರಿಸಿಕೊಳ್ಳುತ್ತ, ಕೆಲಸದಲ್ಲಿ ಮಾತ್ರ ಬಿಗಿಯಾಗಿದ್ದು, ಅವರು ಬಲಿತಂತೆಲ್ಲ ತನ್ನ ಹಿಡಿತವನ್ನು ಸಡಿಲಿಸಿ ಅವರನ್ನೇ ನಿರ್ಣಯಕ್ಕೆ ಕೂರಿಸುವವನು ಎಂಬುದು ಅವರ ಸಿದ್ಧಾಂತದ ಸಾರ. ಸ್ಕೌಟ್ ಶಿಬಿರವು ಇದನ್ನೇ ಆಚರಣೆಯಲ್ಲಿ ಇರಿಸಿಕೊಂಡಿದೆಯೆಂದು ನನ್ನ ಎಣಿಕೆ. ಬೆಳಗಿನ ಸೀಟಿ, ಧ್ವಜವಂದನೆ, ಡೇರೆಗಳ ತಪಾಸಣೆ, ಇವುಗಳಲ್ಲಿ ಚರ್ಚೆಗೆ ಎಡೆಯಿಲ್ಲ. ಆದರೆ ಆ ಬಿಗಿಯಾದ ಚೌಕಟ್ಟಿನ ಒಳಗೆ ಆರೆಂಟು ಮಂದಿಯ ಪುಟ್ಟ ಸಂಸಾರಕ್ಕೆ ಪೂರ್ಣ ಸ್ವಾತಂತ್ರ್ಯವಿದೆ. ನಮ್ಮ ಕಚೇರಿಗಳಿಗೆ ಬಿಗಿಯಾದ ಚೌಕಟ್ಟು ಚೆನ್ನಾಗಿ ಗೊತ್ತು. ಒಳಗಿನ ಪುಟ್ಟ ಸ್ವಾತಂತ್ರ್ಯದ ಪರಿಚಯವೇ ಅವಕ್ಕಿಲ್ಲ.

ಗುಂಪುಗಳ ನಡುವಣ ವೈರಕ್ಕೂ ಇಂಥದೇ ಒಂದು ಶಿಬಿರವು ಸಾಕ್ಷಿಯಾಯಿತು. 1954ರ ಬೇಸಗೆಯಲ್ಲಿ ಮುಜಫರ್ ಶೆರೀಫ್ ಎಂಬ ತುರ್ಕಿ ಮೂಲದ ವಿಜ್ಞಾನಿಯು ಒಕ್ಲಹೋಮಾದ ರಾಬರ್ಸ್ ಕೇವ್ ಎಂಬಲ್ಲಿ, ಅಮೆರಿಕದ ಸ್ಕೌಟರದೇ ಶಿಬಿರಸ್ಥಾನದಲ್ಲಿ, ಹನ್ನೊಂದು ವರ್ಷ ವಯಸ್ಸಿನ 22 ಹುಡುಗರನ್ನು ಎರಡು ತಂಡ ಮಾಡಿ ಬಹುಮಾನದ ಪಂದ್ಯಗಳಿಗೆ ಇಳಿಸಿದನು. ಕೆಲವೇ ದಿನಗಳಲ್ಲಿ ಪರಸ್ಪರ ಧ್ವಜಗಳನ್ನು ಸುಡುವ ತನಕ, ಇರುಳಿನಲ್ಲಿ ಬಿಡಾರಗಳಿಗೆ ನುಗ್ಗುವ ತನಕ ಅವರ ದ್ವೇಷ ಬೆಳೆಯಿತು. ಎಲ್ಲರೂ ಒಳ್ಳೆಯ ಮನೆಗಳಿಂದ ಆರಿಸಿ ತಂದ ಹುಡುಗರೇ. ಜೊತೆಯಲ್ಲಿ ಊಟಕ್ಕೆ ಕೂರಿಸಿದ್ದರಿಂದ ಜಗಳ ಹೆಚ್ಚಿತೇ ಹೊರತು ಕುಗ್ಗಲಿಲ್ಲ. ಶಿಬಿರದ ನೀರು ನಿಂತುಹೋದಾಗ, ಆಹಾರ ತರಬೇಕಾದ ಲಾರಿ ಹೊರಡದೆ ನಿಂತು ಎರಡು ತಂಡಗಳೂ ಒಂದೇ ಹಗ್ಗಕ್ಕೆ ಕೈಹಾಕಿ ಎಳೆಯಬೇಕಾಗಿ ಬಂದಾಗ, ಅಂಥ ಸಂದರ್ಭಗಳು ಮತ್ತೆ ಮತ್ತೆ ಒದಗಿದ ಮೇಲೆ ಆ ವೈರವು ಕರಗಿತು. ಕಂದಾಯ ಇಲಾಖೆಯೂ ಸರ್ವೆ ಇಲಾಖೆಯೂ ಒಂದರ ಮೇಲೊಂದು ತಪ್ಪು ಹೊರಿಸುವ ತಾಲೂಕು ಕಚೇರಿಗಳಲ್ಲಿ ಸೌಹಾರ್ದದ ಉಪನ್ಯಾಸವನ್ನೇರ್ಪಡಿಸುವುದರಿಂದ ಏನೂ ಆಗದು. ರೈತನೊಬ್ಬನ ಹದ್ದುಬಸ್ತಿನ ಅರ್ಜಿಯು ಇತ್ಯರ್ಥವಾದರೆ ಮಾತ್ರ ಇಬ್ಬರ ಕೆಲಸವೂ ಮುಗಿದಂತೆ ಎಂದು ಲೆಕ್ಕವಿಡುವ ಕ್ರಮವನ್ನು ತಂದರೆ ಆದೀತು.

ದುಡಿಮೆಯ ಜಗತ್ತಿನಲ್ಲಿ ಇದರ ಪ್ರಬಲವಾದ ನಿದರ್ಶನವು ಭಾರತದ್ದೇ. ಲಂಡನ್ನಿನ ಟ್ಯಾವಿಸ್ಟಾಕ್ ಸಂಸ್ಥೆಯ ಎ. ಕೆ. ರೈಸ್ 1953ರಲ್ಲಿ ಅಹಮದಾಬಾದಿನ ಕ್ಯಾಲಿಕೋ ಗಿರಣಿಗೆ ಬಂದಾಗ, ಅಲ್ಲಿ ಹೊಸ ಸ್ವಯಂಚಾಲಿತ ಮಗ್ಗಗಳನ್ನು ಹೂಡಿದ್ದರೂ ಉತ್ಪಾದನೆ ಏರಿರಲಿಲ್ಲ. ಒಂದು ಅಂಕಣದ 224 ಮಗ್ಗಗಳಿಗೆ 29 ಕೆಲಸಗಾರರಿದ್ದು, ಅವರ ಕೆಲಸಗಳನ್ನು ಹನ್ನೆರಡು ಬಗೆಯಾಗಿ ತುಂಡರಿಸಿದ್ದುದರಿಂದ, ಯಾವ ಮಗ್ಗಕ್ಕೆ ಯಾರು ಹೊಣೆಯೆಂಬುದು ಯಾರಿಗೂ ತಿಳಿಯದ ಸ್ಥಿತಿ ಏರ್ಪಟ್ಟಿತ್ತು. ಮಗ್ಗಗಳ ಒಂದು ಗುಂಪಿಗೆ ಕೆಲಸಗಾರರ ಒಂದು ತಂಡವು ಒಟ್ಟಾಗಿ ಹೊಣೆಯಾಗಲಿ ಎಂಬ ಸೂಚನೆಯು ಹೊರಬಿದ್ದೊಡನೆ ಕಾರ್ಮಿಕರೇ ಮುಂದೆ ಬಂದು ತಮ್ಮ ತಮ್ಮ ತಂಡಗಳನ್ನು ಕಟ್ಟಿಕೊಂಡರು. ಕ್ರಮೇಣ ಉತ್ಪಾದನೆ ಏರಿತು, ಹಾಳಾಗುವ ಬಟ್ಟೆಯ ಪ್ರಮಾಣ ಇಳಿಯಿತು. ಕಾರ್ಮಿಕರನ್ನು ಬದಲಿಸಲಿಲ್ಲ, ಅವರ ವ್ಯಕ್ತಿತ್ವವನ್ನು ಪರೀಕ್ಷಿಸಿ ವರ್ಗೀಕರಿಸಲಿಲ್ಲ; ಕೆಲಸದ ಆಕಾರವನ್ನು ಬದಲಿಸಿದರು.

ಅಹಮದಾಬಾದಿನ ಈ ಕಥೆಯನ್ನು ಓದುವಾಗಲೆಲ್ಲ ನನ್ನ ಮನಸ್ಸು ದಾವಣಗೆರೆ ಹರಿಹರಗಳ ಕಡೆಗೆ ಹೊರಳುತ್ತದೆ. ಹತ್ತಿಗಿರಣಿಗಳಿಂದ ಕರ್ನಾಟಕದ ಮ್ಯಾಂಚೆಸ್ಟರೆಂದು ಕರೆಸಿಕೊಂಡ ದಾವಣಗೆರೆಯ ಶಿಳ್ಳೆಗಳು ಒಂದೊಂದಾಗಿ ನಿಂತುವು. 1941ರಲ್ಲಿ ಸ್ಥಾಪಿತವಾಗಿ ಲೇತ್ ಯಂತ್ರಗಳಿಗೆ ದೇಶದಲ್ಲೆಲ್ಲ ಹೆಸರಾಗಿದ್ದ ಹರಿಹರದ ಮೈಸೂರು ಕಿರ್ಲೋಸ್ಕರ್ ಕಾರ್ಖಾನೆಯೂ ಹೊಸ ಶತಮಾನ ಕಾಲಿಡುವ ಹೊತ್ತಿಗೆ ಸ್ತಬ್ಧವಾಯಿತು. ಗಿರಣಿ ಕಾರ್ಖಾನೆಗಳು ಅಳಿಯುವುದಕ್ಕೆ ಬಂಡವಾಳ, ಮಾರುಕಟ್ಟೆ, ಯಂತ್ರಜ್ಞಾನ ಎಂಬ ಕಾರಣಗಳಿರುತ್ತವೆ, ಅವೆಲ್ಲವನ್ನೂ ಮನೋವಿಜ್ಞಾನದ ತಲೆಗೆ ಕಟ್ಟಲಾಗದು. ಆದರೆ ಆ ಕಾರ್ಮಿಕರನ್ನು ಕುರಿತು ಹೋಟೆಲಿನ ಮೇಜುಗಳಲ್ಲಿ ಇಂದಿಗೂ ಕೇಳಿಬರುವ ಹಗುರವಾದ ಮಾತು, ದುಡಿಯುವ ಮನಸ್ಸಿರಲಿಲ್ಲವೆಂಬ ಆ ಮಾತು, ನನ್ನಲ್ಲಿ ನೋವನ್ನೂ ರೋಷವನ್ನೂ ಉಂಟುಮಾಡುತ್ತದೆ. ಕೂದಲೆಳೆಯ ಸೂಕ್ಷ್ಮಕ್ಕೆ ಕಬ್ಬಿಣವನ್ನು ಕೆತ್ತುವ ವಿದ್ಯೆಯನ್ನು ಕಲಿತ ಕೈಗಳವು. ಅವರಿಗೆ ಶ್ರದ್ಧೆಯಿರಲಿಲ್ಲವೆಂದು ಹೇಳುವವರು ಆ ಕೆಲಸವನ್ನು ಕಂಡವರಲ್ಲ.

ಮತ್ತೊಂದು ಆಕ್ಷೇಪವನ್ನೂ ನಾನು ಎದುರಿಸಲೇಬೇಕು. ಅಮೆರಿಕದ ಹಾರ್ಟ್‌ಶೋರ್ನ್ ಮತ್ತು ಮೇ ಎಂಬವರು 1920ರ ದಶಕದಲ್ಲಿ ಸಾವಿರಾರು ಮಕ್ಕಳ ಪ್ರಾಮಾಣಿಕತೆಯನ್ನು ನಾನಾ ಸಂದರ್ಭಗಳಲ್ಲಿ ಪರೀಕ್ಷಿಸಿ ನೋಡಿದಾಗ, ಪರೀಕ್ಷೆಯಲ್ಲಿ ನಕಲು ಮಾಡದ ಮಗುವು ಆಟದಲ್ಲಿ ಮೋಸ ಮಾಡಬಹುದೆಂದೂ, ಶೀಲಶಿಕ್ಷಣ ಕೊಡುತ್ತೇವೆನ್ನುವ ಬಾಲಸಂಘಗಳ ಸದಸ್ಯತ್ವಕ್ಕೂ ಪ್ರಾಮಾಣಿಕತೆಗೂ ಹೇಳಿಕೊಳ್ಳುವಂಥ ಸಂಬಂಧವಿಲ್ಲವೆಂದೂ ಕಂಡುಬಂದಿತು. ಹಾಗಾದರೆ ಕೊಂಡಜ್ಜಿಯ ಶಿಬಿರದಿಂದ ಮರಳಿದ ಹುಡುಗನೂ ಮತ್ತೆ ಹಿಂದಿನ ಬೆಂಚಿನ ಮೂಕನೇ ಆಗುವನಲ್ಲವೆ? ಆಗಬಹುದು; ಅವನು ಮರಳುವ ಶಾಲೆಯು ಹಿಂದಿನಂತೆಯೇ ಇದ್ದರೆ ಆಗಿಯೇ ಆಗುತ್ತಾನೆ. ಈ ಫಲಿತಾಂಶವು ನನ್ನ ವಾದವನ್ನು ಮುರಿಯುವ ಬದಲು ಅದನ್ನು ಬಲಪಡಿಸುತ್ತದೆ. ಸಿಬ್ಬಂದಿಯನ್ನು ಎರಡು ದಿನ ರೆಸಾರ್ಟಿಗೆ ಕರೆದೊಯ್ದು ನಾಯಕತ್ವ ಕಲಿಸಿ, ಮೂರನೆಯ ದಿನ ಅದೇ ಕುರ್ಚಿಗೆ, ಅದೇ ಅನುಮತಿಗಳ ಸರಮಾಲೆಗೆ ಮರಳಿಸುವ ತರಬೇತಿಗಳು ವ್ಯರ್ಥವಾಗುವುದು ಇದೇ ಕಾರಣದಿಂದ.

ಪರೀಕ್ಷೆಗಳನ್ನೇ ಬಳಸುವುದಾದರೆ ಅವು ನಮ್ಮ ಜನರಿಗೆ ಒಗ್ಗುವಂತಿರಬೇಕು. ಈ ವಿಷಯದಲ್ಲಿ ಕನ್ನಡನಾಡು ಹಿಂದುಳಿದುದಲ್ಲ. ಮೈಸೂರು ವಿಶ್ವವಿದ್ಯಾಲಯದಲ್ಲಿ 1924ರಲ್ಲಿಯೇ ಮನೋವಿಜ್ಞಾನದ ವಿಭಾಗ ತೆರೆದಿತ್ತು. ಅದನ್ನು ಕಟ್ಟಿದ ಎಂ. ವಿ. ಗೋಪಾಲಸ್ವಾಮಿಯವರು ಲಂಡನ್ನಿನಲ್ಲಿ ಸ್ಪಿಯರ್‌ಮನ್ನನ ಶಿಷ್ಯರಾಗಿದ್ದವರು, 1935ರಲ್ಲಿ ಮೈಸೂರಿನ ತಮ್ಮ ಮನೆಯಲ್ಲಿ ಆಕಾಶವಾಣಿಯೆಂಬ ರೇಡಿಯೋ ನಿಲಯವನ್ನು ಪ್ರಾರಂಭಿಸಿದವರೂ ಅವರೇ. ಉತ್ತರ ಕರ್ನಾಟಕದಲ್ಲಿ ವಿ. ವಿ. ಕಾಮತರು ಬಿನೆಯ ಬುದ್ಧಿಪರೀಕ್ಷೆಯನ್ನು ಕನ್ನಡ ಮತ್ತು ಮರಾಠಿ ಮಕ್ಕಳಿಗಾಗಿ ಪುನಾರಚಿಸಿದರು. ಪರದೇಶದ ಪ್ರಶ್ನೆಯನ್ನು ಭಾಷಾಂತರಿಸಿದ ಮಾತ್ರಕ್ಕೆ ಅದು ನಮ್ಮ ಮಗುವಿನ ಪ್ರಶ್ನೆಯಾಗುವುದಿಲ್ಲವೆಂಬ ಎಚ್ಚರ ಆ ತಲೆಮಾರಿಗಿತ್ತು. ಅಪರಿಚಿತರನ್ನು ನೀವಾಗಿಯೇ ಮಾತನಾಡಿಸುವಿರಾ ಎಂಬ ಪ್ರಶ್ನೆಯಿಂದ ಬಹಿರ್ಮುಖಿಯನ್ನು ಪತ್ತೆಹಚ್ಚಲು ಹೊರಟರೆ, ಬಸ್ಸಿನಲ್ಲಿ ಪಕ್ಕದವರ ಊರು, ಮಳೆ, ಬೆಳೆಗಳನ್ನು ವಿಚಾರಿಸಿಕೊಂಡೇ ಕೂರುವ ಹರಿಹರ ತಾಲೂಕಿನ ರೈತರೆಲ್ಲ ಬಹಿರ್ಮುಖಿಗಳಾಗಿಬಿಡುವರು. ಅದೇ ರೈತನ ಮಗನು ಹಿರಿಯ ಅಧಿಕಾರಿಗಳೆದುರು ಮರ್ಯಾದೆಗಾಗಿ ಮೌನವಾಗಿದ್ದರೆ ಅಂತರ್ಮುಖಿಯಾಗುವನು.

ಆದುದರಿಂದ ಒಂದು ಸಲಹೆಯನ್ನು ನಮ್ಮ ಜಿಲ್ಲಾಡಳಿತದ ಮುಂದೆಯೂ ವಿಶ್ವವಿದ್ಯಾಲಯಗಳ ಮನೋವಿಜ್ಞಾನ ವಿಭಾಗಗಳ ಮುಂದೆಯೂ ಇಡುತ್ತೇನೆ. ದಾವಣಗೆರೆ ಜಿಲ್ಲೆಯ ಯಾವುದಾದರೂ ಎರಡು ತಾಲೂಕು ಕಚೇರಿಗಳನ್ನು ಆರಿಸಿಕೊಂಡು, ಒಂದರ ಸಿಬ್ಬಂದಿಯನ್ನು ಆರೆಂಟು ಮಂದಿಯ ತಂಡಗಳಾಗಿ ವಿಂಗಡಿಸಲಿ. ಪ್ರತಿಯೊಂದು ತಂಡಕ್ಕೂ ಕೆಲವು ಗ್ರಾಮಗಳ ಅರ್ಜಿಗಳನ್ನು ಆದಿಯಿಂದ ಅಂತ್ಯದವರೆಗೆ ಒಪ್ಪಿಸಲಿ. ತಂಡದ ನಾಯಕತ್ವವು ಹಿರಿತನವೊಂದನ್ನೇ ನೋಡದೆ ಸರದಿಯಂತೆ ತಿರುಗಲಿ. ತಹಶೀಲ್ದಾರರು ವಾರಕ್ಕೊಮ್ಮೆ ನಾಯಕರನ್ನು ಕೂರಿಸಿಕೊಂಡು ಕೇಳಲಿ, ತಿದ್ದಲಿ. ಆರಂಭಕ್ಕೆ ಕೊಂಡಜ್ಜಿಯ ಕೇಂದ್ರದಲ್ಲಿ ಕೆಲವು ದಿನ ಒಟ್ಟಿಗಿದ್ದು ಬರಲಿ. ಆದರೆ ಆ ದಿನಗಳನ್ನೇ ತರಬೇತಿಯೆಂದು ಭಾವಿಸದಿರಲಿ. ಇನ್ನೊಂದು ಕಚೇರಿಯು ಈಗಿರುವಂತೆಯೇ ನಡೆಯಲಿ. ವರ್ಷವೊಂದು ಕಳೆದ ಬಳಿಕ ಎರಡು ಕಚೇರಿಗಳಲ್ಲಿಯೂ ಎಷ್ಟು ಅರ್ಜಿಗಳು ಅವಧಿಯೊಳಗೆ ಇತ್ಯರ್ಥವಾದುವು, ಎಷ್ಟು ಮಂದಿ ಎರಡನೆಯ ಬಾರಿ ಕಚೇರಿಗೆ ಅಲೆದರು, ಸಿಬ್ಬಂದಿಯಲ್ಲಿ ಎಷ್ಟು ಜನ ವರ್ಗಾವಣೆ ಕೇಳಿದರು ಎಂಬ ಲೆಕ್ಕವನ್ನು ವಿಶ್ವವಿದ್ಯಾಲಯದವರು ತೆಗೆದು ಕನ್ನಡದಲ್ಲಿಯೇ ಪ್ರಕಟಿಸಲಿ. ವ್ಯತ್ಯಾಸವೇನೂ ಕಾಣದಿದ್ದರೆ ಅದನ್ನೂ ಇದೇ ಪತ್ರಿಕೆಯಲ್ಲಿ ಅಚ್ಚು ಹಾಕಿಸಲಿ.